ಏಳು ಸೀಟಿನ ಕಾರಿನ ಮೂರನೇ ಸಾಲು: ಎಸ್‌ಯುವಿಯೋ ಎಂಪಿವಿಯೋ? ಪದೇ ಪದೇ ಕೇಳುವ ಪ್ರಶ್ನೆಗಳು

ಏಳು ಸೀಟಿನ ಕಾರು ನೋಡಲು ಹೋದವರು ಡ್ರೈವರ್ ಸೀಟಿನಲ್ಲಿ ಕೂರುತ್ತಾರೆ, ಸ್ಕ್ರೀನ್ ಮುಟ್ಟಿ ನೋಡುತ್ತಾರೆ, ಎರಡನೇ ಸಾಲಿನಲ್ಲಿ ಕಾಲು ಚಾಚುತ್ತಾರೆ. ಮೂರನೇ ಸಾಲನ್ನು ಮಾತ್ರ ಡಿಕ್ಕಿ ಕಡೆಯಿಂದ ಬಗ್ಗಿ ನೋಡಿ ಸುಮ್ಮನಾಗುತ್ತಾರೆ. ಆದರೆ ಐದು ಸೀಟಿನ ಕಾರು ಬಿಟ್ಟು ಇದಕ್ಕೆ ಬಂದಿರುವುದೇ ಆ ಸಾಲಿಗಾಗಿ, ಅಲ್ವಾ? ಅಲ್ಲಿ ಕೂರುವವರ ಮಂಡಿ, ಬೆನ್ನು, ತಲೆ ಮೂರೂ ನೆಮ್ಮದಿಯಾಗಿರಬೇಕು ಅನ್ನುವುದೇ ಇಲ್ಲಿನ ಉತ್ತರಗಳ ಉದ್ದೇಶ.

ಎಸ್‌ಯುವಿ, ಎಂಪಿವಿ ಎರಡರಲ್ಲಿ ಮೂರನೇ ಸಾಲು ಯಾವುದರಲ್ಲಿ ಚೆನ್ನಾಗಿರುತ್ತದೆ?

ಒಂದೇ ಉದ್ದದ ಎರಡು ಕಾರು ಹೋಲಿಸಿದರೆ ಹೆಚ್ಚಿನ ಸಲ ಎಂಪಿವಿಯೇ (ಹೆಚ್ಚು ಜನ ಕೂರಲೆಂದೇ ಮಾಡಿದ, ಇನ್ನೋವಾ ಥರದ ಗಾಡಿ) ಗೆಲ್ಲುತ್ತದೆ, ಅದೂ ದೊಡ್ಡ ಅಂತರದಲ್ಲಿ. ಅಮೆರಿಕದ ಮಾರುಕಟ್ಟೆಯ ಎರಡು ಕಾರು ತೆಗೆದುಕೊಳ್ಳಿ. 2018ರ ಮಾದರಿಯಾಗಿ ಬಂದ ಪೀಳಿಗೆಯ ಹೋಂಡಾ ಒಡಿಸ್ಸಿ ಮಿನಿವ್ಯಾನ್ (ಎಂಪಿವಿಗೆ ಅಲ್ಲಿನ ಹೆಸರು), ಅದರ ಮೂರನೇ ಸಾಲಿನ ಲೆಗ್‌ರೂಮ್, ಅಂದರೆ ಕಾಲಿಗೆ ಸಿಗುವ ಜಾಗ, 38.1 ಇಂಚು. 2020ರ ಪೀಳಿಗೆಯ ಟೊಯೊಟಾ ಹೈಲ್ಯಾಂಡರ್ ಎಸ್‌ಯುವಿ, ಅದರಲ್ಲಿ 27.7 ಇಂಚು. ಒಡಿಸ್ಸಿ ಸ್ವಲ್ಪ ಉದ್ದದ ಗಾಡಿ, ನಿಜ. ಆದರೆ ಎರಡನೇ ಸಾಲಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ, 41 ಇಂಚಿನ ಆಸುಪಾಸು. ವ್ಯತ್ಯಾಸವೆಲ್ಲ ಮೂರನೇ ಸಾಲಿಗೇ ಬಂದು ಬಿದ್ದಿದೆ.

ಎಲ್ಲ ಎಸ್‌ಯುವಿಗಳೂ ಹೀಗಲ್ಲ. ಫೋಕ್ಸ್‌ವ್ಯಾಗನ್ ಅಟ್ಲಾಸ್ ಎಸ್‌ಯುವಿಯ ಮೂರನೇ ಸಾಲಿನಲ್ಲಿ 33.7 ಇಂಚು ಇದೆ, ದೊಡ್ಡವರು ಕೂರಬಹುದು. ಹಾಗಾಗಿ ಹೆಸರು ನೋಡಿ ತೀರ್ಮಾನ ಮಾಡಬೇಡಿ, ಅಳತೆ ನೋಡಿ.

ಹೊರಗಿನಿಂದ ಅಷ್ಟು ದೊಡ್ಡದಾಗಿ ಕಾಣುವ ಎಸ್‌ಯುವಿಯ ಹಿಂದಿನ ಸಾಲಿನಲ್ಲಿ ಜಾಗ ಯಾಕೆ ಕಡಿಮೆ?

ಮೊದಲ ಕಾರಣ ಬಾನೆಟ್. ಎಸ್‌ಯುವಿಗೆ ಉದ್ದನೆಯ ಮೂತಿ ಬೇಕು, ಅದೇ ಅದರ ಗತ್ತು. ಆ ಉದ್ದ ಪ್ರಯಾಣಿಕರ ಭಾಗದಿಂದಲೇ ಹೋಗುತ್ತದೆ. ಎಂಪಿವಿಯ ಮೂತಿ ಮೊಂಡು, ಡ್ಯಾಶ್‌ಬೋರ್ಡ್ ಮುಂದಕ್ಕೆ ಸರಿದಿರುತ್ತದೆ, ಮೂರು ಸಾಲಿಗೂ ಜಾಗ ಹಂಚಿಕೊಡಲು ಆಗುತ್ತದೆ.

ಎರಡನೆಯದು ಚಕ್ರಗಳ ನಡುವಿನ ದೂರ, ಅಂದರೆ ವೀಲ್‌ಬೇಸ್. ಟೊಯೊಟಾ ಫಾರ್ಚ್ಯೂನರ್ ಎಸ್‌ಯುವಿ 4,795 ಮಿ.ಮೀ. ಉದ್ದ, ವೀಲ್‌ಬೇಸ್ 2,745 ಮಿ.ಮೀ. ಕಿಯಾ ಕ್ಯಾರೆನ್ಸ್ ಎಂಪಿವಿ 4,540 ಮಿ.ಮೀ. ಉದ್ದ, ವೀಲ್‌ಬೇಸ್ 2,780 ಮಿ.ಮೀ. ಕಾಲು ಮೀಟರ್ ಚಿಕ್ಕ ಕಾರಿನ ಚಕ್ರಗಳ ನಡುವೆ ಜಾಸ್ತಿ ಜಾಗ! ವೀಲ್‌ಬೇಸ್ ಗಿಡ್ಡವಾದರೆ ಮೂರನೇ ಸಾಲು ಹಿಂದಿನ ಚಕ್ರದ ಮೇಲೇ ಬಂದು ಕೂರುತ್ತದೆ. ಆಗ ಚಕ್ರದ ಗೂಡು ಎರಡೂ ಪಕ್ಕದಿಂದ ಒಳಗೆ ಚಾಚಿಕೊಂಡು ಸೊಂಟದ ಜಾಗವನ್ನು ತಿನ್ನುತ್ತದೆ.

ಮೂರನೆಯ ಕಾರಣ ನೆಲದ ಎತ್ತರ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡದು. ಲ್ಯಾಡರ್ ಫ್ರೇಮ್ ಇರುವ ಗಾಡಿಯಲ್ಲಿ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿ ಕೂತಿರುತ್ತದೆ. ಅದರ ಕೆಳಗೆ ಆಕ್ಸಲ್, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್, ಡೀಸೆಲ್ ಟ್ಯಾಂಕ್ ಎಲ್ಲ ಇರಬೇಕು. ನೆಲ ಮೇಲಕ್ಕೆ ಬರುತ್ತದೆ. ರೂಫ್ ಎತ್ತರಿಸಿದರೆ ಕಾರು ಅಂದ ಕೆಡುತ್ತದೆ, ಅದಕ್ಕೇ ಸೀಟನ್ನು ನೆಲಕ್ಕೆ ಹತ್ತಿರ ಇಡುತ್ತಾರೆ. ಕೂತವರ ಮಂಡಿ ಎದೆಯ ಮಟ್ಟಕ್ಕೆ ಏಳುತ್ತದೆ.

ಇದಕ್ಕೆ ಅಮೆರಿಕದ ದೊಡ್ಡ ಎಸ್‌ಯುವಿ ಶೆವರ್ಲೆ ಟಾಹೋಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2020ರ ಮಾದರಿಯವರೆಗೆ ಅದರ ಹಿಂಬದಿ ಚಕ್ರಗಳ ನಡುವೆ ಒಂದೇ ಗಟ್ಟಿ ಆಕ್ಸಲ್ ಇತ್ತು. ಹಳ್ಳ ದಿಣ್ಣೆ ಬಂದಾಗ ಆ ಆಕ್ಸಲ್ ಇಡಿಯಾಗಿ ಮೇಲೇಳುತ್ತದೆ, ಅದಕ್ಕೆ ಜಾಗ ಬಿಡಲೇಬೇಕು. ಐದು ಮೀಟರಿಗಿಂತ ಉದ್ದದ ಆ ಗಾಡಿಯ ಮೂರನೇ ಸಾಲಿನ ಲೆಗ್‌ರೂಮ್ ಬರೀ 24.8 ಇಂಚು. 2021ರ ಮಾದರಿಯಲ್ಲಿ ಎರಡೂ ಚಕ್ರಕ್ಕೆ ಪ್ರತ್ಯೇಕ ಸಸ್ಪೆನ್ಷನ್ ಕೊಟ್ಟರು, ವೀಲ್‌ಬೇಸನ್ನೂ ಸುಮಾರು 12 ಸೆಂ.ಮೀ. ಬೆಳೆಸಿದರು. ನೆಲ ಕೆಳಗಿಳಿಯಿತು, ಲೆಗ್‌ರೂಮ್ 34.9 ಇಂಚಿಗೆ ಏರಿತು. ಒಂದೇ ಹೆಸರಿನ ಗಾಡಿ, ಒಂದೇ ವರ್ಷದ ಅಂತರ, ಹತ್ತು ಇಂಚು ಜಾಸ್ತಿ.

ಬ್ರೋಷರ್‌ನಲ್ಲಿ ಕೊಡುವ ಲೆಗ್‌ರೂಮ್ ಸಂಖ್ಯೆಯನ್ನು ನಂಬಬಹುದಾ?

ಸಂಖ್ಯೆ ಸುಳ್ಳಲ್ಲ. ಆದರೆ ಅದನ್ನು ಹೇಗೆ ಅಳೆಯುತ್ತಾರೆ ಅಂತ ಗೊತ್ತಿದ್ದರೆ ಮಾತ್ರ ಅರ್ಥವಾಗುತ್ತದೆ.

ಇಂಚಿನಲ್ಲಿ ಕೊಡುವ ಈ ಲೆಗ್‌ರೂಮ್ ವಾಹನ ಎಂಜಿನಿಯರುಗಳ ಸಂಘದ ಎಸ್‌ಎಇ ಜೆ1100 ಎಂಬ ಮಾನದಂಡದ ಅಳತೆ. ಸೀಟಿನ ಮೇಲೆ ಮನುಷ್ಯನ ತೂಕದ ಒಂದು ಯಂತ್ರದ ಗೊಂಬೆ ಕೂರಿಸುತ್ತಾರೆ. ಅದರ ಪಾದದ ಕೀಲಿನಿಂದ ಸೊಂಟದ ಕೀಲಿನವರೆಗೆ ನೇರ ಗೆರೆ ಎಳೆದು ಅಳೆಯುತ್ತಾರೆ. ಬಂದ ಅಳತೆಗೆ 254 ಮಿ.ಮೀ., ಅಂದರೆ 10 ಇಂಚು, ಕೂಡಿಸುತ್ತಾರೆ. ಅಷ್ಟೇ. ಮಂಡಿಗೂ ಮುಂದಿನ ಸೀಟಿಗೂ ನಡುವಿನ ಜಾಗ ಎಷ್ಟು ಅನ್ನುವುದು ಈ ಸಂಖ್ಯೆಯಲ್ಲಿ ಇಲ್ಲ.

ಒಂದು ಲೆಕ್ಕ ಮಾಡೋಣ. ಹೈಲ್ಯಾಂಡರ್‌ನ 27.7 ಇಂಚು ಅಂದರೆ ಸುಮಾರು 70 ಸೆಂ.ಮೀ. ಅದರಲ್ಲಿ 25 ಕಳೆಯಿರಿ, ಉಳಿದದ್ದು 45 ಸೆಂ.ಮೀ. ಮಧ್ಯಮ ಎತ್ತರದ ಗಂಡಸಿನ ತೊಡೆ ಸೊಂಟದ ಕೀಲಿನಿಂದ ಮಂಡಿಯವರೆಗೆ ಸುಮಾರು 43 ಸೆಂ.ಮೀ., ಮಂಡಿಯಿಂದ ಪಾದದ ಕೀಲಿಗೆ ಸುಮಾರು 41. ಸೊಂಟಕ್ಕೂ ಪಾದಕ್ಕೂ ನಡುವೆ 45 ಸೆಂ.ಮೀ. ಮಾತ್ರ ಇದ್ದರೆ ಮಂಡಿ ಸುಮಾರು 65 ಡಿಗ್ರಿಗೆ ಮಡಚಲೇಬೇಕು. ಬೇರೆ ದಾರಿಯೇ ಇಲ್ಲ. ಗಿಡ್ಡ ಸ್ಟೂಲಿನ ಮೇಲೆ ಮುದುಡಿ ಕೂತ ಹಾಗೆ.

ಅದೇ ಲೆಕ್ಕದಲ್ಲಿ ಒಡಿಸ್ಸಿಯ 38.1 ಇಂಚಿಗೆ ಮಂಡಿ ಸುಮಾರು 115 ಡಿಗ್ರಿ ತೆರೆದುಕೊಳ್ಳುತ್ತದೆ. ಹಳೆಯ ಟಾಹೋದಲ್ಲಿ ಸುಮಾರು 53 ಡಿಗ್ರಿ, ಹೊಸದರಲ್ಲಿ 97ರ ಹತ್ತಿರ. ಹಳೆಯದರಲ್ಲಿ ದೊಡ್ಡವರು ಗೊಣಗುತ್ತಿದ್ದದ್ದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಹಾಗಾದರೆ ಎಷ್ಟು ಇಂಚು ಇದ್ದರೆ ಸಾಕು?

ಮೇಲಿನ ಲೆಕ್ಕದಂತೆ ಮಂಡಿ ಸರಿಯಾಗಿ 90 ಡಿಗ್ರಿಗೆ ನಿಲ್ಲಬೇಕಾದರೆ ಸುಮಾರು 33 ಇಂಚು ಬೇಕು. ಇದನ್ನೇ ನಾನು ಗೆರೆ ಅಂತ ಇಟ್ಟುಕೊಂಡಿದ್ದೇನೆ. 33 ದಾಟಿದರೆ ದೊಡ್ಡವರು ದೂರದ ಪ್ರಯಾಣ ಮಾಡಬಹುದು. 30ರಿಂದ 33ರ ಒಳಗೆ ಇದ್ದರೆ ಒಂದು ಗಂಟೆಯ ಓಡಾಟಕ್ಕೆ ತೊಂದರೆ ಇಲ್ಲ. ಅದಕ್ಕಿಂತ ಕಡಿಮೆ ಇದ್ದರೆ ಅದು ಮಕ್ಕಳ ಸೀಟು, ಹಾಗಂತಲೇ ತಿಳಿದು ಕೊಳ್ಳಿ.

ವೋಲ್ವೋ ಈ ವಿಷಯದಲ್ಲಿ ನೇರವಾಗಿ ಮಾತಾಡಿದೆ. ಎಕ್ಸ್‌ಸಿ90 ಕಾರಿನ ಮೂರನೇ ಸಾಲು 170 ಸೆಂ.ಮೀ. ಎತ್ತರದವರೆಗಿನ ಜನಕ್ಕೆ ಅಂತ ಹೇಳಿಬಿಟ್ಟಿದೆ. ಎಲ್ಲ ಕಂಪನಿಗಳೂ ಹೀಗೆ ಎತ್ತರ ಬರೆದುಬಿಟ್ಟರೆ ಎಷ್ಟು ಒಳ್ಳೆಯದು!

ಒಂದೇ ಕಾರಿನ ಲೆಗ್‌ರೂಮ್ ಒಂದೊಂದು ಕಡೆ ಒಂದೊಂದು ಥರ ಬರೆದಿರುತ್ತಾರೆ. ಯಾಕೆ?

ಎರಡನೇ ಸಾಲಿನ ಸೀಟು ಹಳಿ ಮೇಲೆ ಮುಂದೆ ಹಿಂದೆ ಸರಿಯುತ್ತದೆ. ಅದನ್ನು ಮುಂದಕ್ಕೆ ತಳ್ಳಿ ಅಳೆದರೆ ಮೂರನೇ ಸಾಲು ವಿಶಾಲ, ಹಿಂದಕ್ಕೆ ತಳ್ಳಿ ಅಳೆದರೆ ಎರಡನೇ ಸಾಲು ವಿಶಾಲ. ಶೋರೂಂನಲ್ಲೂ ಇದೇ ಆಗುತ್ತದೆ. ನೀವು ಎರಡನೇ ಸಾಲು ನೋಡುವಾಗ ಸೀಟು ಪೂರ್ತಿ ಹಿಂದೆ ಇರುತ್ತದೆ, ಮೂರನೇ ಸಾಲು ನೋಡುವಾಗ ಪೂರ್ತಿ ಮುಂದೆ. ಎರಡೂ ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಎರಡೂ ಒಟ್ಟಿಗೆ ಸಿಗುವುದಿಲ್ಲ.

ಸುಲಭ ಉಪಾಯ: ಎರಡೂ ಸಾಲಿನ ಲೆಗ್‌ರೂಮ್ ಕೂಡಿಸಿ. ಒಡಿಸ್ಸಿಯಲ್ಲಿ 40.9 ಮತ್ತು 38.1, ಒಟ್ಟು 79 ಇಂಚು. ಹೈಲ್ಯಾಂಡರ್‌ನಲ್ಲಿ 41 ಮತ್ತು 27.7, ಒಟ್ಟು 68.7. ಈ ಮೊತ್ತವನ್ನು ಸೀಟು ಜರುಗಿಸಿ ಬದಲಿಸಲು ಆಗುವುದಿಲ್ಲ. ಎರಡು ಕಾರು ಹೋಲಿಸುವಾಗ ನಾನು ಮೊದಲು ನೋಡುವುದು ಇದನ್ನೇ.

ಬ್ರೋಷರ್‌ನಲ್ಲಿ ಇಲ್ಲದ, ನಾನೇ ಅಳೆಯಬೇಕಾದ ಅಳತೆ ಯಾವುದು?

ಸೀಟಿನ ಮುಂದಿನ ಅಂಚಿನಿಂದ ನೆಲಕ್ಕೆ ಎಷ್ಟು ಎತ್ತರ ಅನ್ನುವುದು. ಚಿಕ್ಕ ಟೇಪು ಜೇಬಿನಲ್ಲಿಟ್ಟುಕೊಂಡು ಹೋಗಿ. ಮ್ಯಾಟ್ ಮೇಲೆ ಟೇಪು ಊರಿ, ಸೀಟಿನ ಮುಂದಿನ ತುದಿಯವರೆಗೆ ನೆಟ್ಟಗೆ ಹಿಡಿಯಿರಿ. 30 ಸೆಂ.ಮೀ. ಅಥವಾ ಜಾಸ್ತಿ ಇದ್ದರೆ ತೊಡೆ ಸೀಟಿನ ಮೇಲೆ ಕೂರುತ್ತದೆ. 25ಕ್ಕಿಂತ ಕಡಿಮೆ ಇದ್ದರೆ ತೊಡೆ ಗಾಳಿಯಲ್ಲಿ, ಇಡೀ ಭಾರ ಸೊಂಟದ ಮೇಲೆ. ಅರ್ಧ ಗಂಟೆಯಲ್ಲಿ ಬೆನ್ನು ಹಿಡಿದುಕೊಳ್ಳುತ್ತದೆ.

ಟೇಪು ಇಲ್ಲದಿದ್ದರೂ ಪರವಾಗಿಲ್ಲ. ಕೂತು, ಪಾದ ಪೂರ್ತಿ ನೆಲಕ್ಕೆ ಊರಿ. ಮಂಡಿಯ ಹತ್ತಿರ ತೊಡೆಯ ಕೆಳಗೆ ಕೈ ತೂರಿಸಿ ನೋಡಿ. ಮುಷ್ಟಿ ಸಲೀಸಾಗಿ ಹೋದರೆ ಆ ಸೀಟಿನಲ್ಲಿ ತೊಡೆಗೆ ಆಸರೆ ಇಲ್ಲ ಅಂತ ಅರ್ಥ. ಮಂಡಿ ಮುಂದಿನ ಸೀಟಿಗೆ ತಾಗುತ್ತದೋ ಇಲ್ಲವೋ ಅಂತ ಎಲ್ಲರೂ ನೋಡುತ್ತಾರೆ. ಆದರೆ ದೂರದ ದಾರಿಯಲ್ಲಿ ಕಾಡುವುದು ತೊಡೆಗೆ ಆಸರೆ ಇಲ್ಲದಿರುವುದು.

ಇನ್ನೊಂದು, ಪಾದಕ್ಕೆ ಜಾಗ. ಎರಡನೇ ಸಾಲಿನ ಸೀಟಿನ ಕೆಳಗೆ ಶೂ ಹಾಕಿದ ಪಾದ ತೂರುತ್ತದಾ ನೋಡಿ. ಕೆಲವು ಕಾರುಗಳಲ್ಲಿ ಅಲ್ಲಿ ಹಳಿ, ಮೋಟಾರು, ವೈರು ಎಲ್ಲ ಇರುತ್ತವೆ. ಪಾದ ಒಳಗೆ ಹೋದರೆ ಕಾಲು ಚಾಚಬಹುದು. ಇಲ್ಲದಿದ್ದರೆ ಕೆಳಗೆ ನೋಡಿದಷ್ಟೇ ಜಾಗ.

ತಲೆ ರೂಫ್‌ಗೆ ತಾಗುತ್ತದಾ ಅಂತ ಸಂಖ್ಯೆಯಿಂದ ಗೊತ್ತಾಗುತ್ತದಾ?

ಅರ್ಧ ಮಾತ್ರ. ಹೆಡ್‌ರೂಮನ್ನು ಸೊಂಟದ ಕೀಲಿನಿಂದ 8 ಡಿಗ್ರಿ ಹಿಂದಕ್ಕೆ ಓರೆಯಾಗಿ ರೂಫ್‌ವರೆಗೆ ಅಳೆದು, 102 ಮಿ.ಮೀ. ಕೂಡಿಸುತ್ತಾರೆ. ಒಂದೇ ಗೆರೆ. ಆದರೆ ತಲೆ ಒಂದು ಗೆರೆ ಅಲ್ಲವಲ್ಲ. ಕಾರಿನ ರೂಫ್ ಹಿಂದೆ ಹೋಗುತ್ತಾ ಇಳಿಯುತ್ತದೆ, ಪಕ್ಕಕ್ಕೂ ಬಾಗುತ್ತದೆ. ತಿರುವಿನಲ್ಲಿ ವಾಲಿದಾಗ ತಲೆ ಕಿಟಕಿಯ ಮೇಲಿನ ಅಂಚಿಗೆ ಬಡಿಯುತ್ತದೆ. ಕೂತು ತಲೆಯನ್ನು ಎಡಕ್ಕೂ ಬಲಕ್ಕೂ ವಾಲಿಸಿ ನೋಡಿ, ಆಮೇಲೆ ಹಿಂದಕ್ಕೆ ಒರಗಿ. ಎಂಪಿವಿಯ ರೂಫ್ ಕೊನೆಯವರೆಗೂ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ಕೂಪೆ ಥರ ಇಳಿಜಾರು ರೂಫ್ ಇರುವ ಏಳು ಸೀಟಿನ ಎಸ್‌ಯುವಿ ಕಂಡರೆ ಎತ್ತರದವರು ಕೂತು ನೋಡದೆ ಒಪ್ಪಬೇಡಿ.

ಮೂರನೇ ಸಾಲಿನಲ್ಲಿ ಇಬ್ಬರಾ, ಮೂವರಾ?

ಎಂಟು ಸೀಟಿನ ಕಾರಲ್ಲಿ ಮೂವರಿಗೆ ಬೆಲ್ಟ್ ಇರುತ್ತದೆ. ಮೂವರು ದೊಡ್ಡವರು ಭುಜಕ್ಕೆ ಭುಜ ತಾಗಿಸಿ ಕೂರಲು ಒಂದೂವರೆ ಮೀಟರ್ ಅಗಲ ಬೇಕು. ಕಿಯಾ ಕಾರ್ನಿವಲ್, ಒಡಿಸ್ಸಿಯಂಥ ಅಗಲದ ಗಾಡಿಗಳಲ್ಲಿ ಇದು ನಡೆಯುತ್ತದೆ. ಮಧ್ಯಮ ಗಾತ್ರದ ಎಸ್‌ಯುವಿಗಳಲ್ಲಿ ಹಿಂದೆ ಇಬ್ಬರು ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಎರಡನೇ ಸಾಲಿನಲ್ಲಿ ಕ್ಯಾಪ್ಟನ್ ಸೀಟು ತೆಗೆದುಕೊಳ್ಳಬೇಕಾ, ಬೆಂಚ್ ಸೀಟಾ?

ಮೂರನೇ ಸಾಲನ್ನು ದಿನಾ ಬಳಸುವವರಾದರೆ ಕ್ಯಾಪ್ಟನ್ ಸೀಟು, ಅಂದರೆ ಬಿಡಿಬಿಡಿಯಾದ ಎರಡು ಸೀಟು. ಎರಡು ಸೀಟಿನ ನಡುವಿನ ಸಂದಿಯಲ್ಲಿ ಮಕ್ಕಳು ಸುಮ್ನೆ ನುಗ್ಗಿ ಹೋಗುತ್ತಾರೆ, ಯಾರನ್ನೂ ಎಬ್ಬಿಸಬೇಕಿಲ್ಲ. ಹಿಂದೆ ಕೂತವರಿಗೆ ಮುಂದಿನ ರಸ್ತೆಯೂ ಕಾಣುತ್ತದೆ. ಒಬ್ಬರ ಜಾಗ ಕಡಿಮೆಯಾಗುತ್ತದೆ, ಅಷ್ಟೇ.

ಬೆಂಚ್ ಸೀಟಾದರೆ ಅದನ್ನು ಮಡಚುವ ರೀತಿ ನೋಡಲೇಬೇಕು. ಕೆಲವದರಲ್ಲಿ ಒಂದು ಹಿಡಿ ಎಳೆದರೆ ಸೀಟಿನ ಬೆನ್ನು ಬಾಗಿ, ಇಡೀ ಸೀಟು ಮುಂದಕ್ಕೆ ಮಗುಚಿ ನಿಲ್ಲುತ್ತದೆ. ದಾರಿ ದೊಡ್ಡದಾಗುತ್ತದೆ. ಕೆಲವದರಲ್ಲಿ ಬೆನ್ನು ಮಾತ್ರ ಬಾಗಿ ಸೀಟು ಸ್ವಲ್ಪ ಜರುಗುತ್ತದೆ. ಉಳಿದ ಸಂದಿಯಲ್ಲಿ ಒಂದು ಕಾಲು ಮೇಲಿಟ್ಟು, ಬೆನ್ನು ತಿರುಗಿಸಿ, ತಲೆ ತಗ್ಗಿಸಿ ನುಸುಳಬೇಕು. ಅದನ್ನು ಎಂಟು ವರ್ಷದ ಮಗು ಒಂದೇ ಕೈಯಲ್ಲಿ ಮಾಡಲು ಆಗುತ್ತದಾ ಅಂತ ಪರೀಕ್ಷಿಸಿ. ಆಗದಿದ್ದರೆ ಪ್ರತಿ ಸಲವೂ ನೀವೇ ಇಳಿದು ಬಂದು ಎಳೆಯಬೇಕು.

ಒಳಗಿನಿಂದಲೂ ಪರೀಕ್ಷೆ ಮಾಡಿ. ಮೂರನೇ ಸಾಲಿನಲ್ಲಿ ಕೂತವರು ತಾವೇ ಎರಡನೇ ಸಾಲಿನ ಸೀಟನ್ನು ಬಿಡಿಸಿಕೊಂಡು ಹೊರಗೆ ಬರಲು ಒಂದು ಹಿಡಿ, ಪಟ್ಟಿ ಅಥವಾ ಗುಂಡಿ ಇರಬೇಕು. ಸೀಟಿನ ಬೆನ್ನ ಹಿಂದೆ ಹುಡುಕಿ. ಇದು ಬರೀ ಸೌಕರ್ಯದ ಮಾತಲ್ಲ. ಅಪಘಾತದ ಹೊತ್ತಿನಲ್ಲಿ ಹೊರಗಿನವರು ಬಂದು ಬಿಡಿಸಲಿ ಅಂತ ಕಾಯುವ ಹಾಗಿರಬಾರದು. ಆ ಹಿಡಿ ಎಲ್ಲಿದೆ ಅಂತ ಹಿಂದೆ ಕೂರುವ ಪ್ರತಿ ಮಗುವಿಗೂ ತೋರಿಸಿಕೊಡಿ.

ಸ್ಲೈಡಿಂಗ್ ಬಾಗಿಲಿನಿಂದ ಅಷ್ಟು ಉಪಯೋಗ ಇದೆಯಾ?

ಇದೆ, ತುಂಬಾ ಇದೆ. ಮಾಮೂಲಿ ಬಾಗಿಲು ಪಕ್ಕದಲ್ಲಿ ಕಾರು ನಿಂತಿದ್ದರೆ ಅರ್ಧ ಮಾತ್ರ ತೆರೆಯುತ್ತದೆ. ಆ ಅರ್ಧದಲ್ಲಿ ಸೀಟು ಮಡಚಿ ಹಿಂದೆ ಹತ್ತುವುದು ಕಷ್ಟ. ಜಾರುವ ಬಾಗಿಲು ಇಕ್ಕಟ್ಟಿನಲ್ಲೂ ಪೂರ್ತಿ ತೆರೆಯುತ್ತದೆ, ಮಗು ಬಾಗಿಲನ್ನು ಪಕ್ಕದ ಕಾರಿಗೆ ಬಡಿಯುವ ಭಯವೂ ಇಲ್ಲ. ಎಂಪಿವಿಯ ನೆಲ ತಗ್ಗು, ಅದೂ ಸೇರಿದರೆ ಹಿಂದಿನ ಸಾಲು ನಿಜವಾಗಿ ಬಳಕೆಗೆ ಬರುತ್ತದೆ. ಹತ್ತುವುದು ಕಷ್ಟವಾದರೆ ಎಷ್ಟೇ ಜಾಗ ಇದ್ದರೂ ಜನ ಅಲ್ಲಿಗೆ ಹೋಗುವುದಿಲ್ಲ.

ಮಕ್ಕಳ ಸೀಟನ್ನು ಎರಡನೇ ಸಾಲಿನಲ್ಲಿ ಹಾಕಬೇಕಾ, ಮೂರನೇ ಸಾಲಿನಲ್ಲಾ?

ಹಿಂಬದಿಗೆ ಮುಖ ಮಾಡುವ ಶಿಶು ಸೀಟು ಎರಡನೇ ಸಾಲಿಗೆ. ಅದಕ್ಕೆ ಉದ್ದಕ್ಕೆ ತುಂಬಾ ಜಾಗ ಬೇಕು, ಮಗುವನ್ನು ಎತ್ತಿ ಕೂರಿಸುವಾಗ ಬಾಗಿಲು ಹತ್ತಿರ ಇರಬೇಕು. ಬೂಸ್ಟರ್ (ಮಗುವನ್ನು ಎತ್ತರಿಸುವ ಸೀಟು) ಮೇಲೆ ಕೂತು ತಾನೇ ಬೆಲ್ಟ್ ಹಾಕಿಕೊಳ್ಳುವ ಮಗು ಮೂರನೇ ಸಾಲಿಗೆ ಸರಿ.

ಇಲ್ಲೊಂದು ತೊಡಕಿದೆ. ಎರಡನೇ ಸಾಲಿನಲ್ಲಿ ಮಕ್ಕಳ ಸೀಟು ಬಿಗಿದರೆ ಆ ಸೀಟು ಮಗುಚುವುದಿಲ್ಲ. ಮೂರನೇ ಸಾಲಿಗೆ ಹೋಗುವ ದಾರಿ ಮುಚ್ಚಿ ಹೋಗುತ್ತದೆ. ಕ್ಯಾಪ್ಟನ್ ಸೀಟಾದರೆ ನಡುವಿನ ಸಂದಿ ಉಳಿಯುತ್ತದೆ. ಅಟ್ಲಾಸ್‌ನಂಥ ಕೆಲವು ಕಾರುಗಳಲ್ಲಿ ಮುಂದಕ್ಕೆ ಮುಖ ಮಾಡಿದ ಮಕ್ಕಳ ಸೀಟು, ಮಗು ಕೂರದಿರುವಾಗ, ಬಿಚ್ಚದೆಯೇ ಎರಡನೇ ಸಾಲಿನ ಸೀಟನ್ನು ಮುಂದಕ್ಕೆ ವಾಲಿಸಬಹುದು. ಒಡಿಸ್ಸಿಯಲ್ಲಿ ಎರಡನೇ ಸಾಲಿನ ಸೀಟು ಪಕ್ಕಕ್ಕೂ ಜರುಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯವರು ನಿಮ್ಮ ಮಕ್ಕಳ ಸೀಟನ್ನೇ ಶೋರೂಂಗೆ ಹೊತ್ತುಕೊಂಡು ಹೋಗಿ ಬಿಗಿದು ನೋಡಿ. ಸಂಕೋಚ ಬೇಡ.

ಮೂರನೇ ಸಾಲಿನಲ್ಲಿ ಮಕ್ಕಳ ಸೀಟನ್ನು ಕಾರಿಗೆ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇದೆಯಾ, ಮೇಲಿನ ಪಟ್ಟಿ ಕಟ್ಟುವ ಟಾಪ್ ಟೆಥರ್ ಕೊಕ್ಕೆ ಇದೆಯಾ ಅಂತ ಕೇಳಬೇಡಿ, ಕೈ ಹಾಕಿ ನೋಡಿ. ಎಷ್ಟೋ ಕಾರುಗಳಲ್ಲಿ ಎರಡನೇ ಸಾಲಿಗೆ ಮಾತ್ರ ಕೊಟ್ಟಿರುತ್ತಾರೆ.

ಮೂರನೇ ಸಾಲು ಎಷ್ಟು ಸುರಕ್ಷಿತ?

ನಾಲ್ಕು ವಿಷಯ ನೋಡಿ. ಮೂರು ಪಾಯಿಂಟ್ ಬೆಲ್ಟ್ ಎಲ್ಲರಿಗೂ ಇರಬೇಕು. ಹೆಡ್‌ರೆಸ್ಟ್ ತಲೆಯ ಹಿಂಭಾಗದವರೆಗೆ ಏಳಬೇಕು. ಎಷ್ಟೋ ಸಲ ಡ್ರೈವರ್‌ಗೆ ಹಿಂದೆ ಕಾಣಲಿ ಅಂತ ಅದನ್ನು ಮಡಚಿಟ್ಟು ಹಾಗೇ ಜನರನ್ನು ಕೂರಿಸುತ್ತಾರೆ, ಅದು ಅಪಾಯ. ಕಿಟಕಿಯ ಮೇಲಿಂದ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನ ಕಿಟಕಿಯವರೆಗೆ ಬರಬೇಕು. ಎಲ್ಲ ಕಾರಿನಲ್ಲೂ ಬರುವುದಿಲ್ಲ, ಓನರ್ಸ್ ಮ್ಯಾನ್ಯುವಲ್‌ನಲ್ಲಿ ಚಿತ್ರ ಇರುತ್ತದೆ. ಕೊನೆಯದಾಗಿ, ಹೆಡ್‌ರೆಸ್ಟಿಗೂ ಹಿಂಬಾಗಿಲ ಗಾಜಿಗೂ ನಡುವೆ ಎಷ್ಟು ದೂರ ಇದೆ? ಹಿಂದಿನಿಂದ ಬಂದು ಗುದ್ದಿದರೆ ಆ ದೂರವೇ ರಕ್ಷೆ. ಒಂದು ಗೇಣೂ ಇಲ್ಲದ ಕಾರುಗಳಿವೆ.

ಸ್ಟಾರ್ ರೇಟಿಂಗ್ ಮೇಲೆ ಮಾತ್ರ ಭರವಸೆ ಇಡಬೇಡಿ. ಕ್ರ್ಯಾಶ್ ಟೆಸ್ಟ್‌ಗಳಲ್ಲಿ ಸಾಮಾನ್ಯವಾಗಿ ಗೊಂಬೆಗಳನ್ನು ಕೂರಿಸುವುದು ಮೊದಲ ಎರಡು ಸಾಲಿನಲ್ಲಿ.

ಹಿಂದೆ ಕೂತವರಿಗೆ ವಾಂತಿ ಬರುತ್ತದೆ. ಸೀಟಿನ ತಪ್ಪಾ?

ಬಹಳ ಮಟ್ಟಿಗೆ ಹೌದು. ಮೂರನೇ ಸಾಲು ಹಿಂದಿನ ಆಕ್ಸಲ್ ಮೇಲೆ ಅಥವಾ ಅದಕ್ಕಿಂತ ಹಿಂದೆ ಇರುತ್ತದೆ, ಉಬ್ಬು ತಗ್ಗಿನಲ್ಲಿ ಎತ್ತಿ ಹಾಕುವುದು ಅಲ್ಲೇ ಜಾಸ್ತಿ. ಮುಂದಿನ ರಸ್ತೆ ಕಾಣುವುದಿಲ್ಲ, ಕಿಟಕಿ ಚಿಕ್ಕದು, ತೆರೆಯುವುದೂ ಇಲ್ಲ. ಕಣ್ಣು ಒಂದು ಹೇಳುತ್ತದೆ, ಒಳಕಿವಿ ಇನ್ನೊಂದು ಹೇಳುತ್ತದೆ. ಅದೇ ವಾಂತಿಗೆ ಕಾರಣ. ಹಿಂದಿನ ಸಾಲು ಮುಂದಿನದಕ್ಕಿಂತ ಸ್ವಲ್ಪ ಎತ್ತರಕ್ಕಿದ್ದರೆ, ಕಿಟಕಿ ದೊಡ್ಡದಿದ್ದರೆ ಕಷ್ಟ ಕಡಿಮೆ. ಟೆಸ್ಟ್ ಡ್ರೈವ್‌ನಲ್ಲಿ ಹಂಪ್ ಇರುವ ರಸ್ತೆಗೆ ಹೋಗಿ, ನೀವೇ ಹಿಂದೆ ಕೂತುಕೊಳ್ಳಿ.

ಎಸಿ ಹಿಂದಿನವರೆಗೆ ಬರುತ್ತದಾ?

ಮೂರನೇ ಸಾಲಿಗೆ ಅದರದ್ದೇ ಗಾಳಿ ಕಿಂಡಿ ಬೇಕು, ಫ್ಯಾನ್ ವೇಗ ಬದಲಿಸುವ ಗುಂಡಿಯೂ ಇದ್ದರೆ ಒಳ್ಳೆಯದು. ಕಿಂಡಿ ರೂಫ್‌ನಲ್ಲಿದ್ದರೆ ಮುಖಕ್ಕೆ ಗಾಳಿ ಬರುತ್ತದೆ. ಮೊಣಕೈ ಹತ್ತಿರ ಪಕ್ಕದಲ್ಲಿದ್ದರೆ ಒಂದು ಬ್ಯಾಗ್ ಇಟ್ಟರೂ ಮುಚ್ಚಿಹೋಗುತ್ತದೆ. ಕಿಟಕಿ ತೆರೆಯದ ಜಾಗದಲ್ಲಿ ಇದು ಚಿಕ್ಕ ವಿಷಯ ಅಲ್ಲ.

ಏಳು ಜನ ಕೂತ ಮೇಲೆ ಲಗೇಜಿಗೆ ಜಾಗ ಉಳಿಯುತ್ತದಾ?

ಇಲ್ಲಿ ಎಂಪಿವಿ ಮತ್ತು ಎಸ್‌ಯುವಿ ನಡುವಿನ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮೂರೂ ಸಾಲು ಎಬ್ಬಿಸಿದಾಗ ಒಡಿಸ್ಸಿಯ ಡಿಕ್ಕಿ ಸುಮಾರು 930 ಲೀಟರ್, ಹೈಲ್ಯಾಂಡರ್‌ನದು ಸುಮಾರು 450. ಒಡಿಸ್ಸಿಯಂಥ ಮಿನಿವ್ಯಾನ್‌ಗಳಲ್ಲಿ ಮೂರನೇ ಸಾಲಿನ ಹಿಂದೆ ನೆಲದಲ್ಲೇ ಆಳವಾದ ಗುಂಡಿ ಇರುತ್ತದೆ. ಸೀಟು ಬೇಡವಾದಾಗ ಅದರೊಳಗೆ ಮಗುಚಿ ಮಲಗುತ್ತದೆ, ಸೀಟು ಎದ್ದಿರುವಾಗ ಆ ಗುಂಡಿಯೇ ಡಿಕ್ಕಿ. ಎಸ್‌ಯುವಿಯಲ್ಲಿ ಅಲ್ಲಿ ಸಾಮಾನ್ಯವಾಗಿ ಆಕ್ಸಲ್, ಸ್ಪೇರ್ ಚಕ್ರ ಇರುತ್ತವೆ. ಫಾರ್ಚ್ಯೂನರ್‌ನಲ್ಲಿ ಮೂರನೇ ಸಾಲಿನ ಸೀಟುಗಳು ನೆಲದೊಳಗೆ ಹೋಗುವುದೇ ಇಲ್ಲ, ಎರಡೂ ಪಕ್ಕಕ್ಕೆ ಎದ್ದು ನೇತಾಡುತ್ತವೆ.

ಲೀಟರ್ ಲೆಕ್ಕವನ್ನೂ ಹುಷಾರಾಗಿ ನೋಡಿ. ಕೆಲವರು ಕಿಟಕಿಯ ಅಂಚಿನವರೆಗೆ ಅಳೆಯುತ್ತಾರೆ, ಕೆಲವರು ರೂಫ್‌ವರೆಗೆ. ನಿಮ್ಮ ದೊಡ್ಡ ಸೂಟ್‌ಕೇಸ್ ಒಂದನ್ನು ಇಟ್ಟು ಡಿಕ್ಕಿ ಬಾಗಿಲು ಹಾಕಿ ನೋಡುವುದು ಎಲ್ಲಕ್ಕಿಂತ ಖಚಿತ.

ಏಳು ಜನ, ಲಗೇಜು ಎಲ್ಲ ಹೇರಿದರೆ ಕಾರು ತಡೆಯುತ್ತದಾ?

ಒಬ್ಬರಿಗೆ 70 ಕೆ.ಜಿ. ಅಂದರೂ ಏಳು ಜನಕ್ಕೆ 490. ತಲಾ 15 ಕೆ.ಜಿ. ಬ್ಯಾಗ್ ಸೇರಿದರೆ ಸುಮಾರು 600. ಎಷ್ಟೋ ಏಳು ಸೀಟಿನ ಕಾರುಗಳ ಹೊರೆ ಮಿತಿ ಇದರ ಆಸುಪಾಸಿನಲ್ಲೇ ಇರುತ್ತದೆ. ಕಾರಿನ ಮಾಹಿತಿ ಫಲಕದ ಮೇಲೆ ಒಟ್ಟು ತೂಕದ ಮಿತಿ ಬರೆದಿರುತ್ತದೆ, ಅದರಲ್ಲಿ ಖಾಲಿ ಕಾರಿನ ತೂಕ ಕಳೆದರೆ ನಿಮ್ಮ ಪಾಲು ಸಿಗುತ್ತದೆ. ಪೂರ್ತಿ ಹೊರೆ ಇರುವಾಗ ಟೈರಿಗೆ ಎಷ್ಟು ಗಾಳಿ ಅನ್ನುವುದೂ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿರುತ್ತದೆ. ಇಬ್ಬರೇ ಹೋಗುವ ದಿನದ ಗಾಳಿಯಲ್ಲಿ ಏಳು ಜನರನ್ನು ಕೂರಿಸಿ ಹೊರಡಬೇಡಿ.

ಎಲೆಕ್ಟ್ರಿಕ್ ಕಾರುಗಳಲ್ಲಿ ಮೂರನೇ ಸಾಲು ಹೇಗಿರುತ್ತದೆ?

ಎರಡು ಥರ. ಎಂಜಿನ್ ಇಲ್ಲದ್ದರಿಂದ ಚಕ್ರಗಳನ್ನು ದೂರ ದೂರ ಇಡಬಹುದು. ಕಿಯಾ ಇವಿ9ರ ವೀಲ್‌ಬೇಸ್ 3,100 ಮಿ.ಮೀ., ಅದರ ಲಾಭ ಹಿಂದಿನವರಿಗೂ ಸಿಕ್ಕಿದೆ. ಆದರೆ ಬ್ಯಾಟರಿ ನೆಲದ ಕೆಳಗೆ ಇರುವುದರಿಂದ ನೆಲ ಎತ್ತರವಾಗುತ್ತದೆ, ಮಂಡಿ ಮೇಲೇಳುವ ಸಮಸ್ಯೆ ಮತ್ತೆ ಬರುತ್ತದೆ. ಐದು ಸೀಟಿಗೆಂದು ಮಾಡಿದ ಬಾಡಿಯಲ್ಲಿ ಇನ್ನೆರಡು ಸೀಟು ತೂರಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಟೆಸ್ಲಾ ಮಾಡೆಲ್ ವೈ ನೋಡಿ: 26.5 ಇಂಚು ಲೆಗ್‌ರೂಮ್, ತಲೆಯ ಮೇಲೇ ಗಾಜು. ಅದು ಮಕ್ಕಳಿಗೆ ಮಾತ್ರ.

ನಾಲ್ಕು ಮೀಟರ್ ಒಳಗಿನ ಏಳು ಸೀಟಿನ ಕಾರು ಉಪಯೋಗಕ್ಕೆ ಬರುತ್ತದಾ?

ರೆನೋ ಟ್ರೈಬರ್ 3,990 ಮಿ.ಮೀ. ಉದ್ದ, ವೀಲ್‌ಬೇಸ್ 2,636. ಅಷ್ಟು ಚಿಕ್ಕದರಲ್ಲಿ ಮೂರು ಸಾಲು ಹೊಂದಿಸಿದ್ದು ಮೆಚ್ಚಬೇಕಾದ ಕೆಲಸ. ಮೂರನೇ ಸಾಲನ್ನು ಕಾರಿನಿಂದಲೇ ತೆಗೆದು ಹೊರಗಿಡಬಹುದು, ಆಗ ಡಿಕ್ಕಿ 625 ಲೀಟರ್. ಎಲ್ಲ ಸೀಟು ಇದ್ದರೆ 84 ಲೀಟರ್, ಎರಡು ಚಿಕ್ಕ ಬ್ಯಾಗ್ ಹಿಡಿದರೆ ಹೆಚ್ಚು. ಊರೊಳಗೆ ಮಕ್ಕಳನ್ನು ಕರೆದುಕೊಂಡು ಓಡಾಡಲು ಚೆನ್ನಾಗಿದೆ. ಏಳು ಜನ ಲಗೇಜು ಕಟ್ಟಿಕೊಂಡು ದೂರ ಹೋಗುವುದಾದರೆ ಇನ್ನೂ ಅರ್ಧ ಮೀಟರ್ ಉದ್ದದ ಕಾರು ನೋಡಿ.

ಹೊಸ ಮಾದರಿಯಲ್ಲಿ ಎಂಪಿವಿ ಎಸ್‌ಯುವಿಯಂತೆ ಕಾಣುತ್ತಿದೆ. ಒಳಗೂ ಹಾಗೇ ಆಗಿದೆಯಾ?

ಹೊರಗಿನ ನೋಟ ಬೇರೆ, ತಳ ಬೇರೆ. ಇನ್ನೋವಾ ಕ್ರಿಸ್ಟಾ ಎಂಪಿವಿ ಆದರೂ ಲ್ಯಾಡರ್ ಫ್ರೇಮ್ ಗಾಡಿ, ಹಿಂದಿನ ಚಕ್ರಕ್ಕೆ ಶಾಫ್ಟ್ ಹೋಗುತ್ತದೆ. ಅದಾದ ಮೇಲೆ ಬಂದ ಇನ್ನೋವಾ ಹೈಕ್ರಾಸ್ ನೋಡಲು ಎಸ್‌ಯುವಿ ಥರ. ಆದರೆ ಫ್ರೇಮ್ ಇಲ್ಲ, ಎಂಜಿನ್ ಮುಂದಿನ ಚಕ್ರವನ್ನೇ ಎಳೆಯುತ್ತದೆ, ಶಾಫ್ಟ್ ಇಲ್ಲ. ಉದ್ದ ಬೆಳೆದದ್ದು 20 ಮಿ.ಮೀ. ಮಾತ್ರ, ವೀಲ್‌ಬೇಸ್ ಬೆಳೆದದ್ದು 100 ಮಿ.ಮೀ. ಅದಕ್ಕೇ ಬಗ್ಗಿ ಕಾರಿನ ಕೆಳಗೆ ನೋಡಿ, ಆಮೇಲೆ ಬಣ್ಣ ನೋಡಿ.

ಶೋರೂಂನಲ್ಲಿ ಪರೀಕ್ಷಿಸುವ ಸರಿಯಾದ ಕ್ರಮ ಯಾವುದು?

ಮನೆಯಲ್ಲಿ ಅತಿ ಎತ್ತರದವರು ಮೊದಲು ಡ್ರೈವರ್ ಸೀಟನ್ನು ತಮಗೆ ಬೇಕಾದಂತೆ ಹೊಂದಿಸಲಿ. ಅವರ ಹಿಂದೆ ಎರಡನೇ ಸಾಲಿನಲ್ಲಿ ಇನ್ನೊಬ್ಬರು ಕೂತು, ಸೀಟನ್ನು ತಮಗೆ ಸಾಕೆನಿಸುವಷ್ಟು ಮಾತ್ರ ಸರಿಸಿಕೊಳ್ಳಲಿ. ಆಮೇಲೆ ಮೂರನೇ ಸಾಲಿಗೆ ಯಾರು ದಿನಾ ಕೂರುತ್ತಾರೋ ಅವರೇ ಹೋಗಲಿ. ಬಾಗಿಲು ಹಾಕಿ, ಎಸಿ ಹಾಕಿ, ಕಾಲು ಗಂಟೆ ಹಾಗೇ ಕೂತಿರಿ. ಮೊದಲ ಎರಡು ನಿಮಿಷ ಎಲ್ಲ ಸೀಟೂ ಚೆನ್ನಾಗಿಯೇ ಇರುತ್ತದೆ. ಹತ್ತು ನಿಮಿಷ ಕಳೆದ ಮೇಲೆ ಹಿಂದೆ ಕೂತವರು ಸೊಂಟ ಬದಲಿಸಲು ಶುರು ಮಾಡಿದರೆ ಉತ್ತರ ಸಿಕ್ಕಿತು.

ಆ ಕಾಲು ಗಂಟೆಗೆ ಒಪ್ಪದ ಶೋರೂಂ ಇದ್ದರೆ ಬೇರೆ ಕಡೆ ಹೋಗಿ.

ವಯಸ್ಸಾದವರನ್ನು ಮೂರನೇ ಸಾಲಿನಲ್ಲಿ ಕೂರಿಸಬಹುದಾ?

ಬೇಡ. ಮಂಡಿ ನೋವಿರುವವರಿಗೆ ಒಳಗೆ ನುಸುಳುವುದೇ ಶಿಕ್ಷೆ, ಇಳಿಯುವುದು ಇನ್ನೂ ಕಷ್ಟ. ಬೇರೆ ದಾರಿ ಇಲ್ಲದಿದ್ದರೆ ತಗ್ಗು ನೆಲ, ಜಾರುವ ಬಾಗಿಲು, ನಡುವೆ ಸಂದಿ ಈ ಮೂರೂ ಇರುವ ಎಂಪಿವಿ ಮಾತ್ರ ನೋಡಿ.

ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಏಳು ಜನ ಹೋಗುತ್ತೇವೆ. ಅಷ್ಟಕ್ಕೂ ಎಂಪಿವಿ ಬೇಕಾ?

ಆ ನಾಲ್ಕೈದು ಸಲ ಎಷ್ಟು ದೂರ ಹೋಗುತ್ತೀರಿ, ಹಿಂದೆ ಯಾರು ಕೂರುತ್ತಾರೆ ಅನ್ನುವುದರ ಮೇಲಿದೆ. ಹತ್ತಿರದ ಓಡಾಟ, ಹಿಂದೆ ಮಕ್ಕಳು ಅಂದರೆ 30 ಇಂಚಿನ ಎಸ್‌ಯುವಿ ಧಾರಾಳ ಸಾಕು. ಉಳಿದ ದಿನ ಸೀಟು ಮಲಗಿಸಿ ದೊಡ್ಡ ಡಿಕ್ಕಿ ಅಂತ ಬಳಸಿಕೊಳ್ಳಿ. ದೊಡ್ಡವರು ಆರೇಳು ಗಂಟೆ ಹೋಗುವುದಾದರೆ ಆ ಕೆಲವು ದಿನಕ್ಕೆ ದೊಡ್ಡ ವ್ಯಾನ್ ಬಾಡಿಗೆಗೆ ತೆಗೆದುಕೊಂಡು, ಮನೆಗೆ ಒಳ್ಳೆಯ ಐದು ಸೀಟಿನ ಕಾರು ಇಟ್ಟುಕೊಳ್ಳುವುದು ಜಾಣತನ. ಆದರೆ ವಾರವಾರವೂ ಆರು ಜನ ಆಗುತ್ತಾರೆ ಅಂದರೆ ಎರಡನೇ ಯೋಚನೆ ಬೇಡ, ಎಂಪಿವಿಯನ್ನೇ ತೆಗೆದುಕೊಳ್ಳಿ.